ಕಲಬುರಗಿ ಬಿಸಿಲಾಗ ನಮ್ಮ ಕ್ರೋಟನ್ ಗಿಡ

ನಮಸ್ಕಾರ್ರಿ. ಈ ಎಲಿ ಒಂದ್ಸಲ ಹತ್ತಿರ್ಲಿಂದ ನೋಡ್ರಿ. ನಡು ನರ ಅರಿಶಿಣ, ಅಂಚು ಕುಂಕುಮ, ನಡುನಡುವ ಹಸಿರು ಚುಕ್ಕಿ. ತುದಿಗಿನ ಎಳಿ ಎಲಿ ಮಾತ್ರ ಹಸಿರು, ಹಳದಿ ಅಷ್ಟೇ. ಕೆಂಪು ಬಲತ ಮ್ಯಾಲೆ ಬರ್ತದ.

ಹೋದ ಮಾರ್ಚ್‌ದಾಗ ನರ್ಸರಿಯಿಂದ ತಂದಿದ್ದೆ. ಅಲ್ಲಿ ಹಸಿರು ನೆಟ್ ನೆರಳಾಗ ಬೆಳದಿದ್ದ ಗಿಡ. ನಾ ತಂದವಳೇ ಗೇಟ್ ಮುಂದ, ಪಶ್ಚಿಮದ ಬಿಸಿಲಿಗೆ ಹಚ್ಚಿಬಿಟ್ಟೆ. ಸುತ್ತ ಶಹಾಬಾದ್ ಫರಸಿ. ಮಧ್ಯಾಹ್ನ ಅದರ ಮ್ಯಾಲ ಬರಿಗಾಲಿಲೆ ನಿಂದ್ರಲಕ್ಕ ಆಗಲ್ಲ, ಗಿಡ ಹ್ಯಾಂಗ ತಡಕೊಂತದ? ಹತ್ತು ದಿನದಾಗ ಎಲಿ ಎಲ್ಲಾ ಉದುರಿ ಕಡ್ಡಿ ಉಳೀತು. ಬಾಡ್ಯಾದಂತ ದಿನಾ ಎರಡು ಹೊತ್ತು ನೀರು ಸುರದೆ. ಅದೂ ತಪ್ಪೇ. ನಮ್ಮದು ಎರಿ ಮಣ್ಣು, ನೀರು ಹಿಡಕೊಂಡು ಕೂಡ್ತದ, ಗಾಳಿ ಸಿಗದ ಬೇರು ಕೊಳೀತಾವ.

ಕಿತ್ತಿ ಒಗೀಬೇಕಂತ ಕೈ ಹಾಕಿದ್ದೆ. ಅವ್ವ ಬಂದು, "ತಡಿಯವಾ, ಉಗುರಿಲೆ ಕೆರದ ನೋಡು" ಅಂದಳು. ಕೆರದೆ. ತೊಗಟಿ ಕೆಳಗ ಹಸಿರು! ಒಂದು ಹನಿ ಹಾಲೂ ಬಂತು. ಖರೇ ಹೇಳ್ತೀನಿ, ಕಣ್ಣು ತುಂಬಿ ಬಂತು.

ಆ ಹಾಲು ಮೈಗೆ ಹತ್ತಿದ್ರ ಕೆಲವರಿಗೆ ತುರಿಸ್ತದ, ಕೈ ತೊಳಕೋರಿ. ನಮ್ಮ ಹೊಲದ ಔಡಲದ ಕುಟುಂಬದ್ದೇ ಇದು. ಸಣ್ಣ ಕೂಸು, ದನಕರ ಬಾಯಿ ಹಾಕದಂಗ ನೋಡ್ರಿ.

ಅವತ್ತೇ ಸಂಜಿಗೆ ಮೂಡಲ ಗ್ವಾಡಿ ಕಡೆ ಎರಡು ಫೂಟು ತಗ್ಗು ತೋಡಿ, ಎರಿ ಮಣ್ಣಿಗೆ ಉಸುಕು, ಕೆಂಪು ಮಣ್ಣು, ತಿಪ್ಪಿ ಗೊಬ್ಬರ ಕಲಸಿ ಹಚ್ಚಿದೆ. ಹನ್ನೊಂದರ ತನಕ ಬಿಸಿಲು, ಆಮ್ಯಾಲ ಬೇವಿನ ನೆರಳು. ಪೂರಾ ನೆರಳಾಗ ಇಟ್ರ ಬಣ್ಣ ಹೋಗಿ ಬರೇ ಹಸಿರಾಗ್ತದ, ಬಿಸಿಲು ಬೇಕೇ ಬೇಕು. ಆದ್ರ ಮೇ ತಿಂಗಳ ನಮ್ಮ 42 ಡಿಗ್ರಿ ಅಲ್ಲ! ಇಂಡೋನೇಷ್ಯಾ, ಮಲೇಷ್ಯಾ ಕಡೆಯ ತೇವದ ಗಾಳಿ ಇದರ ತವರು. ನಮ್ಮ ಒಣ ಗಾಳಿಗೆ ಎಲಿ ಕೆಳಗ ಜೇಡ ನುಸಿ ಅನ್ನೋ ಸಣ್ಣ ಹುಳ ಬಲಿ ಕಟ್ತಾವ, ಕಣ್ಣಿಗೆ ಕಾಣೋದೇ ಕಷ್ಟ. ಮುಂಜಾನಿ ಪೈಪ್ ಹಿಡದು ಎಲಿ ಕೆಳಗ ತೊಳೀತೀನಿ. ನೀರು ಮಾತ್ರ ಬೆರಳು ಹಾಕಿ, ಮ್ಯಾಲಿನ ಮಣ್ಣು ಒಣಗಿದ್ರಷ್ಟೇ.

ಮಳಿಗಾಲದಾಗ ತುದಿ ಕತ್ತರಿಸಿ ಉಸುಕಿನಾಗ ಚುಚ್ಚಿದ್ದೆ, ಮೂರು ತುಂಡು ಬೇರು ಬಿಟ್ಟಾವ. ಒಂದು ಬಾಜೂ ಮನಿ ಅಕ್ಕಾರಿಗೆ ಕೊಟ್ಟೀನಿ. ಅವರ ಮನಿಗೂ ಮೂಡಲ ಗ್ವಾಡಿ ಅದ, ನೋಡಕೊಂಡೇ ಕೊಟ್ಟೆ.