ಸೋಸುವ ಜಾಲರಿ ಪಕ್ಕಕ್ಕಿಡಿ

ಕೇಳುಗರಿಗೆ ನಮಸ್ಕಾರ. ಇವತ್ತು ಹಣ್ಣನ್ನು ಸೋಸದೆ ಅರೆದು ಮಾಡುವ ಸ್ಮೂಥಿಯ ಬಗ್ಗೆ ಮಾತಾಡೋಣ.

ಜೂನ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಬಂದವರಿಗೆ ಗೊತ್ತು. ಊರು ಇನ್ನೂ ದೂರ ಇರುವಾಗಲೇ ಬಸ್ಸಿನ ಕಿಟಕಿಯಿಂದ ಮಾವಿನ ವಾಸನೆ ಒಳಗೆ ಬರುತ್ತದೆ. ಮಂಡಿಗಳ ಮುಂದೆ ಟ್ರ್ಯಾಕ್ಟರುಗಳ ಸಾಲು. ಬಾದಾಮಿ ಒಂದು ಕಡೆ, ಬೇನಿಷಾ ಒಂದು ಕಡೆ, ತೋತಾಪುರಿಯ ದೊಡ್ಡ ಗುಡ್ಡೆ ಮತ್ತೊಂದು ಕಡೆ. ರಾಮನಗರದ ಕಡೆ ಮಾವು ಮುಗಿಯುತ್ತಾ ಬಂದಾಗ ನಮ್ಮಲ್ಲಿ ಸುಗ್ಗಿ ಜೋರಾಗುತ್ತದೆ.

ನನ್ನ ತವರು ಅದೇ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಬಂದಿದ್ದು ಕೋಲಾರಕ್ಕೆ. ಕೆಲವು ವರ್ಷದ ಹಿಂದೆ ಇದೇ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಅಣ್ಣನ ತೋಟಕ್ಕೆ ಹೋಗಿದ್ದೆ. ಮರದ ಕೆಳಗೆ ಹಣ್ಣು ಬಿದ್ದಿದ್ದವು. ನನ್ನ ಮಗ ಅದೇ ಮರದ ನೆರಳಲ್ಲಿ ಕೂತು, ಊರಿನ ಅಂಗಡಿಯಿಂದ ತಂದ ಮಾವಿನ ಜ್ಯೂಸ್ ಬಾಟಲಿಯನ್ನು ಕುಡಿಯುತ್ತಿದ್ದ. ಅವನ ಕಾಲ ಬಳಿಯೇ ಒಂದು ರಸಪುರಿ ಹಣ್ಣು ಒಡೆದು ಬಿದ್ದಿತ್ತು. ಇರುವೆಗಳು ಅದನ್ನು ಮುತ್ತಿದ್ದವು. ನನಗೆ ತುಂಬಾ ಸಂಕಟವಾಯಿತು. ಅವನ ಮೇಲೆ ಕೋಪ ಬರಲಿಲ್ಲ. ಬಾಟಲಿ ಕೊಡಿಸುವ ಅಭ್ಯಾಸ ಮಾಡಿಸಿದ್ದು ನಾನೇ ಅಲ್ವಾ?

ನಮ್ಮ ತೋತಾಪುರಿ ಲಾರಿ ಲಾರಿಯಾಗಿ ಗಡಿ ದಾಟಿ ಆಂಧ್ರದ ಚಿತ್ತೂರಿನ ಕಡೆಯ, ಹಣ್ಣಿನ ತಿರುಳು ಅಂದರೆ ಪಲ್ಪ್ ತೆಗೆಯುವ ಫ್ಯಾಕ್ಟರಿಗಳಿಗೆ ಹೋಗುತ್ತಾ ಬಂದಿದೆ. ಅಂಗಡಿಯ ಮಾವಿನ ಪಾನೀಯಗಳು ತಯಾರಾಗುವುದು ಇಂಥ ಪಲ್ಪಿನಿಂದಲೇ. ಆದರೆ ಹಣ್ಣಿನ ಪಾನೀಯ ಅಂತ ಮಾರುವುದರಲ್ಲಿ ಹಣ್ಣಿನ ರಸ ನೂರಕ್ಕೆ ಕನಿಷ್ಠ 10 ಪಾಲು ಇದ್ದರೂ ಕಾನೂನಿಗೆ ಸಾಕು. ಮಿಕ್ಕಿದ್ದರಲ್ಲಿ ಜಾಸ್ತಿ ಪಾಲು ನೀರು ಮತ್ತು ಸಕ್ಕರೆ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲಾ ಬರೆದಿರುತ್ತಾರೆ. ಒಮ್ಮೆ ಕನ್ನಡಕ ಹಾಕಿಕೊಂಡು ಓದಿ ನೋಡಿ.

ಆ ವಾರವೇ ನಾನು ಮನೆಯಲ್ಲಿ ಸ್ಮೂಥಿ ಮಾಡಲು ಶುರು ಮಾಡಿದೆ. ಸ್ಮೂಥಿ ಅಂದರೆ ಹೆದರಬೇಡಿ. ಇಡೀ ಹಣ್ಣನ್ನು ಹಾಲು ಅಥವಾ ಮೊಸರಿನ ಜೊತೆ ನುಣ್ಣಗೆ ಅರೆದು, ಸೋಸದೆ ಕುಡಿಯುವುದು, ಅಷ್ಟೇ. ನಮ್ಮ ಅಜ್ಜಿಯರು ಮಾಡುತ್ತಿದ್ದ ಬಾಳೆಹಣ್ಣಿನ ಸೀಕರಣೆ, ಮಾವಿನ ರಸಾಯನಕ್ಕೆ ಇದು ಹತ್ತಿರದ ನೆಂಟ. ಜ್ಯೂಸಿಗೂ ಇದಕ್ಕೂ ಇರುವ ವ್ಯತ್ಯಾಸ ಸೋಸುವ ಜಾಲರಿಯಲ್ಲಿದೆ. ಜ್ಯೂಸ್ ಮಾಡುವಾಗ ಜಾಲರಿಯಲ್ಲಿ ಉಳಿದದ್ದನ್ನು ಚರಟ ಅಂತ ಎಸೆಯುತ್ತೇವೆ. ಹೊಟ್ಟೆ ತುಂಬಿಸುವ, ಸಕ್ಕರೆ ಅಂಶ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುವ ನಾರು ಇರುವುದು ಆ ಚರಟದಲ್ಲೇ. ಎಸೆಯಬೇಕಾದದ್ದನ್ನು ಕುಡಿಯುತ್ತೇವೆ ಅಂತ ನಾನು ಹೇಳುತ್ತಿಲ್ಲ. ಉಳಿಸಿಕೊಳ್ಳಬೇಕಾದದ್ದನ್ನು ಎಸೆಯುತ್ತಿದ್ದೇವೆ.

ಮಾವಿನಿಂದಲೇ ಶುರು ಮಾಡೋಣ. ನಾಲ್ಕು ಜನಕ್ಕೆ ಮಧ್ಯಮ ಗಾತ್ರದ ಎರಡು ಹಣ್ಣು ಸಾಕು. ಬಾದಾಮಿ ಆಗಬಹುದು, ರಸಪುರಿ ಆದರೆ ಇನ್ನೂ ಒಳ್ಳೆಯದು. ಕುಡಿಯುವುದಕ್ಕೆ ರಸಪುರಿಯನ್ನು ಮೀರಿಸಿದ ಹಣ್ಣಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೋತಾಪುರಿ ಬೇಡ. ಅದನ್ನು ಉಪ್ಪು ಖಾರ ಹಚ್ಚಿ ಕಚ್ಚಿ ತಿಂದರೇ ರುಚಿ. ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿಡಿ. ತೊಟ್ಟಿನ ಹತ್ತಿರ ಇರುವ ಸೊನೆ ಬಿಡುತ್ತದೆ. ಸೊನೆ ತಾಗಿದರೆ ಕೆಲವು ಮಕ್ಕಳಿಗೆ ಬಾಯಿಯ ಸುತ್ತ ಉರಿ, ಗುಳ್ಳೆ ಬರುತ್ತದೆ. ಆಮೇಲೆ ತೊಟ್ಟಿನ ಭಾಗ ಕತ್ತರಿಸಿ ತೆಗೆದು, ಸಿಪ್ಪೆ ಬಿಡಿಸಿ, ಹೋಳು ಮಾಡಿ ರಾತ್ರಿಯೇ ಫ್ರೀಜರಿನಲ್ಲಿಡಿ. ಆಗ ಐಸ್ ಹಾಕುವುದು ಬೇಡ. ಐಸ್ ಹಾಕಿದರೆ ಅದು ಕರಗಿ ನೀರಾಗುತ್ತದೆ, ರುಚಿ ತೆಳುವಾಗುತ್ತದೆ.

ಬೆಳಗ್ಗೆ ಹೋಳುಗಳನ್ನು ಹೊರಗೆ ತೆಗೆದು ಐದು ನಿಮಿಷ ಬಿಡಿ. ಕಲ್ಲಿನಂತೆ ಗಟ್ಟಿ ಇರುವಾಗಲೇ ಹಾಕಿದರೆ ಮಿಕ್ಸಿಯ ಬ್ಲೇಡಿಗೆ ಕಷ್ಟ. ಜಾರಿಗೆ ಮೊದಲು ಒಂದು ಲೋಟ ಗಟ್ಟಿ ಮೊಸರು, ಅರ್ಧ ಲೋಟ ಹಾಲು. ಆಮೇಲೆ ಹಣ್ಣು. ದ್ರವ ಕೆಳಗಿದ್ದರೆ ಬ್ಲೇಡ್ ಸುಲಭವಾಗಿ ತಿರುಗುತ್ತದೆ. ಒಂದೇ ಸಲ ಜೋರಾಗಿ ತಿರುಗಿಸಬೇಡಿ. ಎರಡು ಮೂರು ಸಲ ಸ್ವಲ್ಪ ಸ್ವಲ್ಪ ತಿರುಗಿಸಿ ನಿಲ್ಲಿಸಿ. ಮೊದಲು ಗಡಗಡ ಅನ್ನುತ್ತದೆ. ಹಣ್ಣು ಸೇರಿಕೊಂಡ ಹಾಗೆ ಆ ಶಬ್ದ ಮೆತ್ತಗಾಗುತ್ತದೆ. ಆಗ ನಿಲ್ಲಿಸಿ, ಒಂದು ಏಲಕ್ಕಿ ಪುಡಿ ಮಾಡಿ ಉದುರಿಸಿದರೆ ಆಯಿತು. ಚಮಚ ಅದ್ದಿ ಎತ್ತಿದರೆ ಹಿಂಬದಿಗೆ ಅಂಟಿ ನಿಲ್ಲಬೇಕು, ಅದೇ ಹದ.

ಸಕ್ಕರೆ ಎಲ್ಲಿ ಅಂತ ಕೇಳುತ್ತೀರಿ. ಸಕ್ಕರೆ ಇಲ್ಲ. ಬೆಲ್ಲವೂ ಇಲ್ಲ, ಜೇನೂ ಇಲ್ಲ. ಬೆಲ್ಲ ಒಳ್ಳೆಯದು ಅಂತ ಎರಡು ಅಚ್ಚು ಹಾಕುವವರಿದ್ದಾರೆ. ಮೈಗೆ ಅದೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ನಾವು ಬೇರೆಯಾಗಿ ಸೇರಿಸುವ ಸಕ್ಕರೆ, ಜೇನುತುಪ್ಪದ ಸಕ್ಕರೆ, ಹಣ್ಣಿನ ರಸದ ಸಕ್ಕರೆ ಎಲ್ಲಾ ಸೇರಿ, ದಿನದ ಆಹಾರದಿಂದ ಸಿಗುವ ಶಕ್ತಿಯಲ್ಲಿ ನೂರಕ್ಕೆ 10 ಪಾಲಿಗಿಂತ ಕಡಿಮೆ ಇರಬೇಕು. 5 ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಅದು ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚ. ಕಾಫಿ, ಟೀಯಲ್ಲೇ ನಾಲ್ಕು ಚಮಚ ಮುಗಿದಿರುತ್ತದೆ. ಹಣ್ಣು ಚೆನ್ನಾಗಿ ಮಾಗಿದ್ದರೆ ಸಿಹಿ ತಾನಾಗಿಯೇ ಇರುತ್ತದೆ. ಹುಳಿ ಅನಿಸಿದರೆ ಹಣ್ಣು ಇನ್ನೂ ಕಾಯಿ ಅಂತ ಅರ್ಥ. ಇನ್ನೆರಡು ದಿನ ಬಿಡಿ.

ಹಣ್ಣು ಮಾಗಿಸುವ ವಿಷಯ ಬಂತು, ಒಂದು ಮಾತು. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವುದನ್ನು ನಮ್ಮ ದೇಶದಲ್ಲಿ ನಿಷೇಧ ಮಾಡಿದ್ದಾರೆ. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶಗಳು ಸೇರಿರಬಹುದು. ಎಥಿಲೀನ್ ಅನಿಲಕ್ಕೆ ಮಿತಿಯ ಒಳಗೆ ಅನುಮತಿ ಇದೆ. ಅದು ಹಣ್ಣು ತಾನೇ ಬಿಡುವ ಅನಿಲ. ನಮ್ಮ ತವರಿನಲ್ಲಿ ಮಾತ್ರ ಇವತ್ತಿಗೂ ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುತ್ತಾರೆ. ನೀವೂ ಬಲಿತ ಕಾಯಿ ತಂದು, ಒಂದು ಬುಟ್ಟಿಯಲ್ಲಿ ಹುಲ್ಲು ಅಥವಾ ಪೇಪರ್ ಹಾಕಿ ಇಡಿ. ಮೂರ್ನಾಲ್ಕು ದಿನದಲ್ಲಿ ಮನೆಯೆಲ್ಲಾ ಘಮ್ಮೆನ್ನುತ್ತದೆ. ಇನ್ನೊಂದು ಗುಟ್ಟು. ಸಂಜೆ ಹೊತ್ತಿಗೆ ಹಣ್ಣು ಮಾರುವವರು ತೀರಾ ಮಾಗಿದ, ಒಂದು ಕಡೆ ಮೆತ್ತಗಾದ ಹಣ್ಣುಗಳನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಲಾರಿಯ ಪ್ರಯಾಣ ತಡೆಯದ ಹಣ್ಣು ಅದು. ಕೊಳೆತಿಲ್ಲ ಅಂತ ನೋಡಿ ತನ್ನಿ, ಸ್ಮೂಥಿಗೆ ಅದಕ್ಕಿಂತ ಒಳ್ಳೆಯದು ಬೇಡ.

ಈಗ ಪರಂಗಿಹಣ್ಣು. ಇದರಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಒಂದು ರಾತ್ರಿ ಪರಂಗಿಹಣ್ಣು, ಹಾಲು ಸೇರಿಸಿ ಅರೆದು, ಬೆಳಗ್ಗೆ ಮಕ್ಕಳಿಗೆ ಕೊಟ್ಟರಾಯಿತು ಅಂತ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ಮಗಳು ಒಂದು ಗುಟುಕು ಕುಡಿದು, 'ಅಮ್ಮಾ, ಕಹಿ' ಅಂದಳು. ನಾನೂ ಕುಡಿದು ನೋಡಿದೆ. ಬೇವಿನೆಲೆ ಕಚ್ಚಿದ ಹಾಗೆ ನಾಲಿಗೆಯ ಹಿಂಬದಿಯಲ್ಲಿ ಕಹಿ ನಿಂತಿತು. ಹಾಲು ಕೆಟ್ಟಿದೆ ಅಂದುಕೊಂಡೆ. ಹಾಲು ಹಾಕುವ ಅಜ್ಜನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿಬಿಟ್ಟೆ. ಅವರು ಏನೂ ಮಾತಾಡದೆ ಇನ್ನರ್ಧ ಲೀಟರ್ ಸುರಿದು ಹೋದರು.

ಹಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಪರಂಗಿಯಲ್ಲಿ ಪಪೈನ್ ಅನ್ನುವ ಅಂಶ ಇರುತ್ತದೆ. ಅದು ಹಾಲಿನ ಪ್ರೋಟೀನನ್ನು ತುಂಡು ಮಾಡುತ್ತದೆ. ಆ ತುಂಡುಗಳೇ ಕಹಿ. ಹೊತ್ತು ಹೋದಷ್ಟೂ ಕಹಿ ಜಾಸ್ತಿ. ಅನಾನಸಿನಲ್ಲಿರುವ ಬ್ರೊಮೆಲಿನ್ ಕೂಡ ಇದೇ ಕೆಲಸ ಮಾಡುತ್ತದೆ. ಅನಾನಸನ್ನು ಬೇಯಿಸಿದರೆ ಅದರ ಶಕ್ತಿ ಹೋಗುತ್ತದೆ. ಹಾಗಾಗಿ ಅನಾನಸ್ ಕೇಸರಿಬಾತಿಗೆ ತೊಂದರೆ ಇಲ್ಲ. ಹಸಿ ಹಣ್ಣಿಗೆ ಹಾಲು ಹಾಕಿದರೆ ಅರೆದ ತಕ್ಷಣ ಕುಡಿದುಬಿಡಿ. ಇಲ್ಲವಾದರೆ ಹಾಲೇ ಬೇಡ. ಪರಂಗಿಯ ಜೊತೆ ಬಿಡಿಸಿದ ಕಿತ್ತಳೆ ತೊಳೆ, ಅರ್ಧ ನಿಂಬೆಹಣ್ಣಿನ ರಸ ಸಾಕು. ಇದು ತಿಳಿದ ಮೇಲೆ ಮಾರನೇ ದಿನ ಆ ಅಜ್ಜನಿಗೆ ನಡೆದದ್ದು ಹೇಳಿ, ತಪ್ಪಾಯಿತು ಅಂದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಹಾಲಿನ ದುಡ್ಡಿನಿಂದ. ಸುಮ್ನೆ ಆ ಹಾಲಿನ ಮೇಲೆ ಮಾತು ಬರಬಾರದಿತ್ತು.

ಶಾಲೆಯ ದಿನಗಳಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ನಡೆಯುವುದು ಬಾಳೆಹಣ್ಣು ಮತ್ತು ರಾಗಿ ಹುರಿಹಿಟ್ಟು. ಹುರಿಹಿಟ್ಟು ಗೊತ್ತಲ್ಲ, ರಾಗಿಯನ್ನು ನೆನೆಸಿ, ಕಾದ ಬಾಣಲೆಯಲ್ಲಿ ಅರಳು ಹುರಿದು ಬೀಸಿದ ಹಿಟ್ಟು. ಅದನ್ನು ಮತ್ತೆ ಬೇಯಿಸಬೇಕಾಗಿಲ್ಲ. ಎರಡು ಪಚ್ಚಬಾಳೆ, ಎರಡು ದೊಡ್ಡ ಚಮಚ ಹುರಿಹಿಟ್ಟು, ಕಾಯಿಸಿ ಆರಿಸಿದ ಎರಡು ಲೋಟ ಹಾಲು, ಬೀಜ ತೆಗೆದ ಎರಡು ಖರ್ಜೂರ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ಇಷ್ಟನ್ನು ಅರೆದರೆ ಇಬ್ಬರು ಮಕ್ಕಳಿಗೆ ಬೆಳಗಿನ ತಿಂಡಿಯ ಅರ್ಧ ಮುಗಿದ ಹಾಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ. ನಾವು ಹಾಕುವುದು ಎರಡು ಚಮಚ, ಅದರಿಂದ ಸಿಗುವುದು ಸ್ವಲ್ಪವೇ. ಆದರೆ ದಿನವೂ ಸೇರಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಮಾಡಿದ ಕೂಡಲೇ ಕುಡಿಯಿರಿ. ಕಾಲು ಗಂಟೆ ಬಿಟ್ಟರೆ ಹುರಿಹಿಟ್ಟು ಹಾಲನ್ನೆಲ್ಲಾ ಹೀರಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಚಮಚದಲ್ಲಿ ತಿನ್ನಬೇಕು. ನನ್ನ ಮಗನಿಗೆ ಅದೇ ಇಷ್ಟ, ಅದು ಬೇರೆ ಮಾತು.

ಎಲ್ಲಾ ಹಣ್ಣನ್ನೂ ಮಿಕ್ಸಿಗೆ ಹಾಕಬೇಕು ಅಂತಿಲ್ಲ. ಸೀಬೆಹಣ್ಣನ್ನು ದಯವಿಟ್ಟು ಕಚ್ಚಿ ತಿನ್ನಿ. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕಿತ್ತಳೆಯಲ್ಲಿ ಅದರ ಕಾಲು ಭಾಗ. ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ಓಡಾಡುತ್ತಾ ತಿನ್ನಲಿ. ಪಕ್ಕದ ಚಿಕ್ಕಬಳ್ಳಾಪುರದ ನೀಲಿ ದ್ರಾಕ್ಷಿ, ಅದೇ ಬೆಂಗಳೂರು ಬ್ಲೂ, ಈ ಸೀಮೆಯದೇ ಬೆಳೆ ಅಂತ ಸರ್ಕಾರ ಕೊಡುವ ಭೌಗೋಳಿಕ ಗುರುತು ಪಡೆದ ಹಣ್ಣು. ಅದರಲ್ಲಿ ಬೀಜ ಇದೆ. ಮಿಕ್ಸಿಯಲ್ಲಿ ಬೀಜ ಒಡೆದರೆ ಒಗರು ಬರುತ್ತದೆ. ಬೇಕೇ ಬೇಕು ಅಂದರೆ ಕೈಯಲ್ಲಿ ಹಿಸುಕಿ, ಬೀಜ ಮಾತ್ರ ಆರಿಸಿ ತೆಗೆದು ಹಾಕಿ. ತುಮಕೂರಿನ ಕಡೆಯವರಿಗೆ ಹಲಸಿದೆ, ತೆಂಗಿದೆ. ಹಲಸಿನ ತೊಳೆಗೆ ತೆಂಗಿನಹಾಲು ಹಾಕಿ ಅರೆದರೆ ಪಾಯಸದಂತೆ ಇರುತ್ತದೆ. ಒಂದು ಸಣ್ಣ ಲೋಟಕ್ಕೇ ಹೊಟ್ಟೆ ತುಂಬುತ್ತದೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಹಾಕಿಲ್ಲವಲ್ಲ ಅಂತ ನಾನು ಮೊದಮೊದಲು ಅವರಿಗೂ ದೊಡ್ಡ ಲೋಟದಲ್ಲಿ ಕೊಡುತ್ತಿದ್ದೆ. ಅದು ಸರಿಯಲ್ಲ. ಅರೆದ ಹಣ್ಣು ಕಚ್ಚಿ ತಿಂದ ಹಣ್ಣಿಗೆ ಸಮ ಅಲ್ಲ. ಎರಡು ಮಾವಿನಹಣ್ಣು ತಿನ್ನಲು ಕಾಲು ಗಂಟೆ ಬೇಕು. ಅದನ್ನೇ ಕುಡಿಯಲು ಒಂದು ನಿಮಿಷ ಸಾಕು, ಎಷ್ಟು ಹೋಯಿತು ಅಂತ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ಈಗ ಅವರಿಗೆ ಊಟದ ಲೆಕ್ಕದೊಳಗೆ ಎರಡು ಹೋಳು ಹಣ್ಣು ಕೊಡುತ್ತೇನೆ, ಜಗಿದು ತಿನ್ನುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು ಬಾಳೆಹಣ್ಣು ಕುಡಿಯುವ ಮೊದಲು ಡಾಕ್ಟರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಮಿಕ್ಕವರಿಗೂ ಅಷ್ಟೇ, ಹೊಟ್ಟೆ ತುಂಬಾ ಉಂಡ ಮೇಲೆ ಒಂದು ಲೋಟ ಸ್ಮೂಥಿ ಅಂದರೆ ಎರಡು ಊಟ. ತಿಂಡಿಯ ಜೊತೆಗೋ, ಸಂಜೆ ಬಜ್ಜಿ ಬೋಂಡದ ಬದಲಿಗೋ ಕುಡಿಯಿರಿ.

ಇನ್ನು ಜಾರಿನ ಮಾತು. ಬೆಳ್ಳುಳ್ಳಿ ಚಟ್ನಿ ಅರೆದ ಜಾರಿನಲ್ಲಿ ಮಾವು ಹಾಕಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತಿರಬೇಕು. ಸಾಧ್ಯವಾದರೆ ಒಂದು ಜಾರನ್ನು ಹಣ್ಣಿಗೇ ಮೀಸಲಿಡಿ. ಇಲ್ಲವಾದರೆ ನಿಂಬೆ ಸಿಪ್ಪೆ, ನೀರು ಹಾಕಿ ಒಂದು ಸುತ್ತು ತಿರುಗಿಸಿ ತೊಳೆಯಿರಿ. ಮುಚ್ಚಳದ ರಬ್ಬರ್ ವಾಷರ್ ಬಿಚ್ಚಿ ತೊಳೆಯುವುದನ್ನು ಮರೆಯಬೇಡಿ. ಹಾಲಿನ ಜಿಡ್ಡು ಕೂರುವುದು ಅದರ ಸಂದಿಯಲ್ಲೇ.

ಕರೆಂಟ್ ಇಲ್ಲದ ದಿನ ಏನು ಮಾಡುವುದು? ಮೊನ್ನೆ ಸಂಜೆ ಮಳೆ ಬಂದು ಕರೆಂಟ್ ಹೋಯಿತು. ಹಣ್ಣು ಹೋಳು ಮಾಡಿಟ್ಟಿದ್ದೆ, ಮಿಕ್ಸಿ ನಿಂತುಹೋಯಿತು. ಅತ್ತೆ ಅಟ್ಟದ ಮೇಲಿದ್ದ ಕಡೆಗೋಲು ತೆಗೆಸಿದರು. ಪಾತ್ರೆಯಲ್ಲಿ ಮಾವು, ಮೊಸರು ಹಾಕಿ, ಎರಡು ಕಾಲಿನ ನಡುವೆ ಪಾತ್ರೆ ಇಟ್ಟುಕೊಂಡು ಕಡೆಯತೊಡಗಿದರು. ಪೂರ್ತಿ ನುಣ್ಣಗಾಗಲಿಲ್ಲ, ಅಲ್ಲಲ್ಲಿ ಹೋಳು ಉಳಿದವು. ಮಕ್ಕಳಿಬ್ಬರೂ ಮೇಣದಬತ್ತಿಯ ಬೆಳಕಿನಲ್ಲಿ ಲೋಟ ಹಿಡಿದು ಕುಡಿದರು, ಬಾಯಿಗೆ ಸಿಕ್ಕ ಹೋಳನ್ನು ಜಗಿದರು. ಕುಡಿದು ಮುಗಿಸಿ ಮಗ ಲೋಟದೊಳಗೆ ಬೆರಳು ಹಾಕಿ ಸುತ್ತಲೂ ಸವರಿ ನೆಕ್ಕಿದ. 'ಅಜ್ಜಿ, ನಾಳೆ ಕರೆಂಟ್ ಇದ್ದರೂ ನೀವೇ ಮಾಡಿ' ಅಂದ.

ನಮಸ್ಕಾರ.