ಫುಡ್ ಟೆಕ್ನಾಲಜಿ ಓದಿದವರೇ, ಮೊದಲು ಅಳೆಯುವುದನ್ನು ಕಲಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಮುಖ್ಯವಾಗಿ ಫುಡ್ ಟೆಕ್ನಾಲಜಿಯ ಕೊನೇ ವರ್ಷದಲ್ಲಿರುವ ಹುಡುಗ ಹುಡುಗಿಯರ ಜೊತೆ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅವರೂ ಕೇಳಲಿ. ಎಲ್ಲರದ್ದೂ ಒಂದೇ ಪ್ರಶ್ನೆ: ಇನ್ನು ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತೆ? ಕೋರ್ಸ್ ಆಮೇಲೆ ನೋಡೋಣ. ಮೊದಲು ಅಳೆಯುವುದನ್ನು ಕಲಿಯಿರಿ. ನಿಮ್ಮ ಕೈಯಾರೆ, ಸರಿಯಾದ ಜಾಗದಲ್ಲಿ.

ಯಾಕೆ ಅಂತ ಹೇಳೋಕೆ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಇದು ನಡೆದದ್ದು 1895ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ವಿಲಿಯಂ ಲೈಮನ್ ಅಂಡರ್‌ವುಡ್ ಅವರ ಮನೆತನದ್ದು ಡಬ್ಬಿ ಆಹಾರದ ಕಂಪನಿ. ಡಬ್ಬಿಗಳು ಊದಿಕೊಂಡು ಒಡೆಯೋಕೆ ಶುರುವಾದವು. ಬೇಯಿಸಿ, ಮುಚ್ಚಿ, ಮತ್ತೆ ಬಿಸಿ ಮಾಡಿದ ಡಬ್ಬಿ ಯಾಕೆ ಕೆಡಬೇಕು? ಅವರು ನೇರ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಗೆ ಹೋದರು. ಅಲ್ಲಿನ ಜೀವಶಾಸ್ತ್ರದ ಪ್ರಾಧ್ಯಾಪಕ ಸೆಜ್‌ವಿಕ್ ತಮ್ಮ ಸಹಾಯಕ ಸ್ಯಾಮ್ಯುಯಲ್ ಪ್ರೆಸ್ಕಾಟ್ ಎಂಬ ಯುವಕನನ್ನು ಈ ಕೆಲಸಕ್ಕೆ ಹಚ್ಚಿದರು. ಅಂಡರ್‌ವುಡ್, ಪ್ರೆಸ್ಕಾಟ್ ಇಬ್ಬರೂ ಸುಮಾರು ಒಂದು ವರ್ಷ ಕಪ್ಪೆಚಿಪ್ಪಿನ ಮಾಂಸದ ಡಬ್ಬಿಗಳ ಹಿಂದೆ ಬಿದ್ದರು. ಬಿಸಿಗೆ ಜಗ್ಗದ ಬ್ಯಾಕ್ಟೀರಿಯಾ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ಬ್ಯಾಕ್ಟೀರಿಯಾ, ಒಳಗೇ ಬದುಕಿ ಉಳಿಯುತ್ತಿವೆ ಅಂತ ಗೊತ್ತಾಯಿತು. ರಿಟಾರ್ಟ್‌ನಲ್ಲಿ, ಅಂದರೆ ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಪಾತ್ರೆಯಲ್ಲಿ, 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಇಟ್ಟರೆ ಅವು ಸಾಯುತ್ತವೆ ಅಂತಲೂ ತೋರಿಸಿದರು. ಪೇಟೆಂಟ್ ಮಾಡಿಕೊಳ್ಳದೆ ಎಲ್ಲರಿಗೂ ತಿಳಿಯಲಿ ಅಂತ ಪ್ರಕಟಿಸಿದ್ದು ನೋಡಿ, ಅದೇ ನನಗೆ ಜಾಸ್ತಿ ಹಿಡಿಸುವುದು. ನೀವು ಪರೀಕ್ಷೆಗೆ ಬಾಯಿಪಾಠ ಮಾಡುವ ಆ 121ರ ಹಿಂದೆ ಇಂಥ ದುಡಿಮೆ ಇದೆ.

ಈಗ ಇವತ್ತಿನ ಪ್ಲಾಂಟಿಗೆ ಬನ್ನಿ. ಎಲ್ಲ ಕಡೆ ಸೆನ್ಸರ್, ಎಲ್ಲ ಕಡೆ ಸ್ಕ್ರೀನ್. ಪ್ಯಾನೆಲ್ 121 ಅಂತ ತೋರಿಸುತ್ತಿದೆ, ಸರಿ. ಅದು ಎಲ್ಲಿಯ ಬಿಸಿ? ಸೆನ್ಸರ್ ಕೂತಿರುವ ಜಾಗದ್ದು. ಹಬೆಯ ರಿಟಾರ್ಟ್‌ನಿಂದ ಗಾಳಿ ಪೂರ್ತಿ ಹೊರಗೆ ಹೋಗದಿದ್ದರೆ, ಗಾಳಿ ಸಿಕ್ಕಿಕೊಂಡ ಕಡೆ ಇರುವ ಡಬ್ಬಿಗಳಿಗೆ ಅಷ್ಟು ಬಿಸಿ ತಾಗೋದೇ ಇಲ್ಲ. ಸ್ಕ್ರೀನ್ ನೋಡಿ ತಲೆ ಆಡಿಸುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲಿ ಅಳೆದಿರಿ, ಆ ಥರ್ಮಾಮೀಟರನ್ನು ಯಾವಾಗ ಪರೀಕ್ಷೆ ಮಾಡಿದಿರಿ ಅಂತ ಕೇಳುವವರು ಬೇಕಾಗಿದ್ದಾರೆ.

ಪರೀಕ್ಷೆ ಮಾಡೋದು ಕಷ್ಟವೇನಲ್ಲ. ಪುಡಿ ಮಾಡಿದ ಐಸ್ ತುಂಬಿ, ಸಂದು ತುಂಬುವಷ್ಟೇ ನೀರು ಹಾಕಿ, ಕಲಕಿ. ಥರ್ಮಾಮೀಟರಿನ ತುದಿ ಪಾತ್ರೆಯ ತಳ, ಅಂಚು ಮುಟ್ಟಬಾರದು. ಓದಿಕೆ ನಿಲ್ಲುವ ತನಕ ಕಾಯಿರಿ. ಸೊನ್ನೆ ಬರಬೇಕು. ಡಿಗ್ರಿ ಮುಗಿಸಿದವರೂ ಇದನ್ನು ಒಮ್ಮೆಯೂ ಮಾಡಿರೋದಿಲ್ಲ, ನನಗೆ ನಿಜಕ್ಕೂ ಬೇಸರವಾಗುತ್ತೆ.

ಲಾಗ್ ಬುಕ್ ಓದೋದೂ ಅಳೆಯುವುದರ ಭಾಗವೇ. ಹಾಲನ್ನು ಬಿಸಿ ಮಾಡಿ ರೋಗಾಣು ಕೊಲ್ಲುವ ಪಾಶ್ಚರೈಸರ್‌ನಲ್ಲಿ 72 ಡಿಗ್ರಿ, 15 ಸೆಕೆಂಡ್ ಅಂತ ಓದಿರುತ್ತೀರಿ. ಓದಿಕೆ ಬರೆದಿಡುವ ಆ ಪುಸ್ತಕದಲ್ಲಿ ಎಂಟು ಗಂಟೆಯೂ 73.0, 73.0 ಅಂತ ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ಬರೆದಿದ್ದರೆ ಅನುಮಾನ ಬರಬೇಕು. ನಿಜವಾದ ಓದಿಕೆ ಸ್ವಲ್ಪ ಮೇಲೆ ಕೆಳಗೆ ಆಡುತ್ತೆ. ಹಾಗಂತ ಆಪರೇಟರ್ ಮೇಲೆ ಹಾರಿ ಬೀಳಬೇಡಿ. ಪಕ್ಕದಲ್ಲಿ ನಿಂತು ಕೇಳಿ. ಮಷಿನ್ ಸದ್ದು ಬದಲಾದರೆ ಏನರ್ಥ ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸಮಯ ಕಮ್ಮಿ ಇದೆ, ಉಳಿದದ್ದು ಬೇಗ ಹೇಳಿಬಿಡ್ತೀನಿ. ಸ್ಪ್ರೆಡ್‌ಶೀಟ್ ಕಲಿಯಿರಿ, ಅಳೆದದ್ದನ್ನು ಗ್ರಾಫ್ ಮಾಡಿ ನೋಡೋಕೆ. ಪಿಎಚ್ 4.6 ಅನ್ನೋದು ಬರೀ ಅಂಕಿಯಲ್ಲ, ಹುಳಿ ಜಾಸ್ತಿಯಾಗಿ ಪಿಎಚ್ ಅದಕ್ಕಿಂತ ಕೆಳಗಿಳಿದರೆ, ಆಹಾರವನ್ನು ವಿಷ ಮಾಡುವ ಬಾಟ್ಯುಲಿನಂ ಬ್ಯಾಕ್ಟೀರಿಯಾದ ಸ್ಪೋರ್ ಮೊಳೆಯಲಾರದು, ಕಾರಣ ಸಮೇತ ತಿಳಿದುಕೊಳ್ಳಿ. ಹ್ಯಾಸಪ್, ಅಂದರೆ ಆಹಾರಕ್ಕೆ ಅಪಾಯ ಎಲ್ಲಿ ಬರಬಹುದು ಅಂತ ಮೊದಲೇ ಗುರುತಿಸಿ ತಡೆಯುವ ಪದ್ಧತಿ, ಅದರ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದೇ, ಆದರೆ ಮಿತಿ ದಾಟಿದ ಕ್ಷಣ ಆ ಬ್ಯಾಚ್ ಏನು ಮಾಡ್ತೀರಿ ಅಂತ ಕೇಳಿದರೆ ಉತ್ತರ ಬರಬೇಕು. ಏನು ಅಳೆದೆ, ಏನು ಸಿಕ್ಕಿತು ಅಂತ ಅರ್ಧ ಪುಟ ಸರಳವಾಗಿ ಬರೆಯೋಕೂ ಬರಬೇಕು.

ಇನ್ನು ಇಂಟರ್ನ್‌ಶಿಪ್‌ಗೆ ಹೋದಾಗ ಆಫೀಸಿನಲ್ಲೇ ಕೂರಿಸಿದರೆ ಸುಮ್ನೆ ಕೂರಬೇಡಿ. ಲೈನ್ ತೊಳೆದು ಮತ್ತೆ ಶುರು ಮಾಡುವ ಶಿಫ್ಟ್‌ಗೆ ಹಾಕಿ ಅಂತ ಕೇಳಿ. ತೊಳೆದ ಮೇಲೆ ಕೊನೇ ನೀರಿನಲ್ಲಿ ತೊಳೆಯೋಕೆ ಬಳಸಿದ ಕ್ಷಾರ ಉಳಿದಿದೆಯಾ ಅಂತ ನೀವೇ ಪರೀಕ್ಷೆ ಮಾಡಿ. ನಮಸ್ಕಾರ.