ಅರ್ಜುನ, ನಾರಾಯಣ ಮತ್ತು ಮರೆತ ಒಂದು ಸಾಲು

ಕೇಳುಗರಿಗೆ ನಮಸ್ಕಾರ.

ಒಂದು ಯಂತ್ರದ ಖಾತೆಯಿಂದ 500 ರೂಪಾಯಿ ಕಳೆದಾಯಿತು. ಇನ್ನೊಂದು ಯಂತ್ರದ ಖಾತೆಗೆ ಸೇರಿಸಬೇಕು ಅನ್ನುವಷ್ಟರಲ್ಲಿ ಆ ಯಂತ್ರ ಮಲಗಿತು. ಈಗ ದುಡ್ಡು ಯಾರ ಕಡೆ?

1980ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಸಂತೋಷ್ ಶ್ರೀವಾಸ್ತವ ಅವರ ತಂಡ ಇಂಥ ವ್ಯವಹಾರ ಪೂರ್ತಿ ನಡೆಯಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಎನ್ನುವ ಕೆಲಸಕ್ಕೆಂದೇ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಲಕರಣೆ ಕಟ್ಟಿತು. ಹೆಸರು ಅರ್ಜುನ. ಅದೇ ವಂಶದ ಇಂದಿನ ಜಾವಾ ತಂತ್ರಾಂಶದ ಹೆಸರು ನಾರಾಯಣ! ಇಂಥದ್ದೇ ಕೆಲಸಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆರ್ಗಸ್ ಎಂಬ ಹೊಸ ಭಾಷೆಯನ್ನೇ ರೂಪಿಸಿದ್ದರು. ಅರ್ಜುನವಾದರೋ ಆಗಲೇ ಇದ್ದ ಸಿ ಪ್ಲಸ್ ಪ್ಲಸ್‌ನಲ್ಲೇ, ಕ್ಲಾಸುಗಳ ಆನುವಂಶಿಕತೆಯಿಂದಲೇ ಕೆಲಸ ಸಾಧಿಸಿತು. ಕ್ಲಾಸ್ ಅಂದರೆ ಮಾಹಿತಿ ಮತ್ತು ಅದರ ಮೇಲಿನ ಕೆಲಸಗಳ ಅಚ್ಚು; ಒಂದು ಕ್ಲಾಸ್ ಇನ್ನೊಂದರ ವಿದ್ಯೆಯನ್ನು ಪಡೆಯುವುದೇ ಆನುವಂಶಿಕತೆ.

ನಿಮ್ಮ 'ಖಾತೆ' ಕ್ಲಾಸನ್ನು ಅರ್ಜುನ ಕೊಡುವ ಲಾಕ್‌ಮ್ಯಾನೇಜರ್ ಕ್ಲಾಸಿನಿಂದ ಇಳಿಸಿಕೊಳ್ಳುತ್ತೀರಿ. ಒಬ್ಬರು ಬಳಸುವಾಗ ಇನ್ನೊಬ್ಬರು ಬದಲಿಸದಂತೆ ಬೀಗ ಹಾಕುವ ವಿದ್ಯೆ ಅಲ್ಲಿಂದ, ಸ್ಥಿತಿ ಉಳಿಸುವ ವಿದ್ಯೆ ಅದರ ತಾಯಿ ಸ್ಟೇಟ್‌ಮ್ಯಾನೇಜರ್‌ನಿಂದ ಬರುತ್ತದೆ. ಆದರೆ ಸ್ಥಿತಿಯನ್ನು ಬರೆದಿಡುವ ಸೇವ್ ಸ್ಟೇಟ್, ಮರಳಿ ಓದುವ ರಿಸ್ಟೋರ್ ಸ್ಟೇಟ್ ಎಂಬ ಎರಡು ಫಂಕ್ಷನ್‌ಗಳನ್ನು ನೀವೇ ಬರೆಯಬೇಕು. ಎಡವುವುದು ಇಲ್ಲೇ. ಖಾತೆಗೆ 'ಬಡ್ಡಿ' ಎಂಬ ಹೊಸ ಫೀಲ್ಡ್ ಸೇರಿಸಿದಿರಿ, ಸೇವ್‌ನಲ್ಲಿ ಅದರ ಸಾಲು ಬರೆಯಲು ಮರೆತಿರಿ ಅನ್ನಿ. ವ್ಯವಹಾರ ರದ್ದಾದಾಗ ಬಾಕಿ, ಅಂದರೆ ಖಾತೆಯಲ್ಲಿರುವ ಹಣ, ಹಳೆಯ ಮೊತ್ತಕ್ಕೆ ಮರಳುತ್ತದೆ, ಬಡ್ಡಿ ಮಾತ್ರ ಬದಲಾದಂತೆಯೇ ಉಳಿಯುತ್ತದೆ. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಬರೆದ ಕ್ರಮದಲ್ಲೇ ಓದದಿದ್ದರೂ ಗೋಳೇ: ಬಾಕಿಯ ಜಾಗದಲ್ಲಿ ಬಡ್ಡಿ ಕೂತಿರುತ್ತದೆ. ಬೀಗ ಕೇಳಿದ ಮೇಲೆ ಸಿಕ್ಕಿತೇ ಎಂದು ನೋಡದೆ ಮುಂದುವರಿಯುವವರೂ ಇದ್ದಾರೆ. ಅವರಿಗೆ ಯಾವ ಸಲಕರಣೆಯೂ ಆಗಿಬರದು.

ವ್ಯವಹಾರ ಮುಗಿಯುವುದು ಎರಡು ಹಂತದಲ್ಲಿ. ಮೊದಲು ಪ್ರತಿ ಯಂತ್ರವೂ ಹೊಸ ಸ್ಥಿತಿಯನ್ನು ಹಳೆಯದರ ಪಕ್ಕದಲ್ಲೇ ಡಿಸ್ಕಿಗೆ ಬರೆದು 'ಸಿದ್ಧ' ಎನ್ನುತ್ತದೆ. ಎಲ್ಲರೂ ಸಿದ್ಧರಾದರೆ, ವ್ಯವಹಾರವನ್ನು ನಡೆಸುವ ಸಂಯೋಜಕ ತನ್ನ ತೀರ್ಮಾನವನ್ನು ಲಾಗ್‌ ಎಂಬ ದಾಖಲೆ ಪುಸ್ತಕದಲ್ಲಿ ಬರೆದು 'ಖಾಯಂ ಮಾಡಿ' ಎನ್ನುತ್ತಾನೆ. ಲಾಗ್‌ನಲ್ಲಿ ದಾಖಲೆ ಇಲ್ಲವೆಂದರೆ ವ್ಯವಹಾರ ರದ್ದು ಎಂದೇ ಲೆಕ್ಕ. 'ಸಿದ್ಧ' ಎಂದ ಮೇಲೆ ಸಂಯೋಜಕನೇ ಮಲಗಿದರೆ? 'ಸಿದ್ಧ' ಎಂದ ಯಂತ್ರ ಮುಂದಕ್ಕೂ ಹೋಗಲಾರದು, ಹಿಂದಕ್ಕೂ ಬರಲಾರದು. ಬೀಗ ಹಾಕಿಕೊಂಡೇ ಕಾಯುತ್ತದೆ.

ಅದನ್ನು ಬಿಡಿಸಲೆಂದು ನಾರಾಯಣದಲ್ಲಿ ರಿಕವರಿ ಮ್ಯಾನೇಜರ್ ಇದೆ. ನೀವು ಬದಲಿಸದಿದ್ದರೆ 120 ಸೆಕೆಂಡಿಗೊಮ್ಮೆ ಲಾಗ್ ಹುಡುಕುತ್ತದೆ. ಒಮ್ಮೆ ನೋಡಿ, 10 ಸೆಕೆಂಡು ಬಿಟ್ಟು ಮತ್ತೆ ನೋಡುತ್ತದೆ. ಇನ್ನೂ ನಡೆಯುತ್ತಿರುವ ವ್ಯವಹಾರವನ್ನು ಸತ್ತದ್ದೆಂದು ಭಾವಿಸಬಾರದಲ್ಲ! ಎರಡು ಎಚ್ಚರ ಬೇಕು. ಪ್ರತಿ ಸರ್ವರಿಗೂ ಬೇರೆ ಬೇರೆ ಗುರುತಿನ ಹೆಸರು (ನೋಡ್ ಹೆಸರು) ಕೊಡಿ. ಒಂದೇ ಹೆಸರಿದ್ದರೆ ಒಂದು ಸರ್ವರ್ ಇನ್ನೊಂದರ ವ್ಯವಹಾರವನ್ನು ತನ್ನದೆಂದುಕೊಂಡು ರದ್ದುಮಾಡೀತು. ಕಂಟೇನರ್‌ನಲ್ಲಿ, ಅಂದರೆ ಬೇಕೆಂದಾಗ ಎಬ್ಬಿಸಿ ಅಳಿಸುವ ಪ್ರತ್ಯೇಕ ಪರಿಸರದಲ್ಲಿ, ಓಡಿಸುವವರು ಲಾಗ್ ಇರುವ ಆಬ್ಜೆಕ್ಟ್ ಸ್ಟೋರ್ ಫೋಲ್ಡರನ್ನು ಖಾಯಂ ಡಿಸ್ಕಿನಲ್ಲಿಡಿ. ಕಂಟೇನರ್ ಜೊತೆಗೆ ಲಾಗ್ ಕೂಡ ಅಳಿಸಿಹೋದರೆ, ರಿಕವರಿ ಮ್ಯಾನೇಜರಿಗೆ ಓದಲು ಏನೂ ಉಳಿದಿರುವುದಿಲ್ಲ.

ನಮಸ್ಕಾರ.